ಬಾಣ ಯಾವುದು, ಮೊದಲು ಹೇಳಿ: ಮುಂಬ್ರಾದ ರೈಲು ನಕ್ಷೆಯ ಮೇಲೆ ಕೆಟಗರಿ ಥಿಯರಿಯ ಪದಪಾಠ

ಗಣಿತದ ಸಾಫ್ಟ್‌ವೇರ್‌ಗೆ ಕೈ ಹಾಕಿದ ಹೊಸಬರನ್ನು ಮೊದಲು ತಡೆದು ನಿಲ್ಲಿಸುವುದು ಪದಗಳು. ಕೆಟಗರಿ, ಆಬ್ಜೆಕ್ಟ್, ಮಾರ್ಫಿಸಂ, ಫಂಕ್ಟರ್, ಮೊನಾಡ್. ಒಂದೊಂದಕ್ಕೂ ಗಣಿತದ ಪುಸ್ತಕದಲ್ಲಿ ಒಂದು ಅರ್ಥ, ಒಂದೊಂದು ಪ್ರೋಗ್ರಾಮಿಂಗ್ ಭಾಷೆಯಲ್ಲಿ ಒಂದೊಂದು ಅರ್ಥ. ಒಂದೇ ತಂಡದಲ್ಲಿ ಕೂತ ಇಬ್ಬರು ಒಂದೇ ಪದ ಆಡುತ್ತಾ ಬೇರೆ ಬೇರೆ ವಸ್ತುವಿನ ಬಗ್ಗೆ ಮಾತಾಡುತ್ತಿರುತ್ತಾರೆ. ಅದು ಗೊತ್ತಾಗುವ ಹೊತ್ತಿಗೆ ಕೋಡ್ ಅರ್ಧ ಮುಗಿದಿರುತ್ತದೆ.

ಈ ಬರಹ ಆ ಗೊಂದಲ ಬಿಡಿಸಲು. ಐರೋಲಿ, ಮಹಾಪೆ ಕಡೆಯ ಕಂಪನಿಗಳಲ್ಲಿ ಕೋಡ್ ಬರೆಯುವವರಿಗೆ, ಥಾಣೆ, ಡೊಂಬಿವಲಿ, ಕಲ್ಯಾಣ್‌ನಲ್ಲಿ ಇಂಜಿನಿಯರಿಂಗ್ ಅಥವಾ ಗಣಿತ ಓದುತ್ತಿರುವ ನಮ್ಮ ಕನ್ನಡದ ಮಕ್ಕಳಿಗೆ ಇದು ಉಪಯೋಗಕ್ಕೆ ಬರಲಿ. ಉದಾಹರಣೆಗೆ ಎಲ್ಲೂ ದೂರ ಹೋಗಬೇಕಿಲ್ಲ. ಮುಂಬ್ರಾ ಸ್ಟೇಶನ್ನಿನ ಸುತ್ತಲಿನ ಲೋಕಲ್ ರೈಲಿನ ನಕ್ಷೆಯೇ ಒಂದು ಕೆಟಗರಿ ಆಗುತ್ತದೆ. ಇದು ಬರೀ ಹೋಲಿಕೆಯ ಮಾತಲ್ಲ, ವ್ಯಾಖ್ಯೆಯ ಪ್ರಕಾರವೇ ಆಗುತ್ತದೆ.

ಬೇಕಾಗುವುದು: ಒಂದು ಹಾಳೆ, ಪೆನ್ಸಿಲ್, ಶಾಲೆಯಲ್ಲಿ ಕಲಿತ ಕೂಡುವ ಲೆಕ್ಕ. ಪೈಥಾನ್ ಸ್ವಲ್ಪ ಗೊತ್ತಿದ್ದರೆ ಒಳ್ಳೆಯದು, ಗೊತ್ತಿಲ್ಲದಿದ್ದರೂ ನಡೆಯುತ್ತದೆ.

ಹಂತ 1: ನಕ್ಷೆ ಬರೆಯಿರಿ

ಹಾಳೆಯ ಮೇಲೆ ಥಾಣೆ, ಕಲ್ವಾ, ಮುಂಬ್ರಾ, ದಿವಾ, ಡೊಂಬಿವಲಿ, ಕಲ್ಯಾಣ್ ಎಂದು ಚುಕ್ಕೆಗಳನ್ನು ಹಾಕಿ. ಕೆಳಗೆ ಒಂದು ಬದಿಯಲ್ಲಿ ಪನ್ವೇಲ್ ಇರಲಿ. ಹಳಿ ಇರುವ ಕಡೆ ಎರಡೂ ದಿಕ್ಕಿಗೆ ಗೆರೆ ಎಳೆಯಿರಿ. ನಡುವಿನ ಸಣ್ಣ ಸ್ಟೇಶನ್‌ಗಳನ್ನು ಸದ್ಯಕ್ಕೆ ಬಿಡಿ.

ಈಗ ಥಾಣೆ ಮತ್ತು ದಿವಾ ನಡುವೆ ಸ್ವಲ್ಪ ನಿಂತು ನೋಡಬೇಕು. ಮುಂಬಯಿಯ ಬೋರಿಬಂದರಿನಿಂದ ಥಾಣೆಗೆ ಮೊದಲ ರೈಲು ಹೊರಟಿದ್ದು 1853ರ ಏಪ್ರಿಲ್ 16ರಂದು. ಮರುವರ್ಷ, 1854ರ ಮೇ 1ಕ್ಕೆ, ಹಳಿ ಕಲ್ಯಾಣ್ ಮುಟ್ಟಿತು. ಆ ದಾರಿ ಪಾರ್ಸಿಕ್ ಗುಡ್ಡವನ್ನು ಬಳಸಿಕೊಂಡು ಮುಂಬ್ರಾ ಮೂಲಕ ಹೋಗುತ್ತದೆ. 1916ರಲ್ಲಿ ಗುಡ್ಡದ ಹೊಟ್ಟೆ ಕೊರೆದು ಸುಮಾರು 1.3 ಕಿ.ಮೀ. ಉದ್ದದ ಪಾರ್ಸಿಕ್ ಸುರಂಗ ತೆರೆದರು. ಅಂದಿನಿಂದ ಥಾಣೆಯಿಂದ ದಿವಾಕ್ಕೆ ಹಳಿಯ ದಾರಿ ಎರಡು: ಒಂದು ಕಲ್ವಾ, ಮುಂಬ್ರಾ ಸುತ್ತಿ, ಇನ್ನೊಂದು ಸುರಂಗದ ಮೂಲಕ ನೇರ.

ಈ ಎರಡನ್ನೂ ಹಾಳೆಯ ಮೇಲೆ ಬೇರೆ ಬೇರೆಯಾಗಿ ಎಳೆಯಿರಿ. ಹೊರಡುವ ಊರು ಒಂದೇ, ಸೇರುವ ಊರು ಒಂದೇ, ದಾರಿ ಮಾತ್ರ ಬೇರೆ. "ಥಾಣೆ, ದಿವಾ" ಎಂಬ ಜೋಡಿಯನ್ನಷ್ಟೇ ಕೋಡಿನಲ್ಲಿ ಇಟ್ಟುಕೊಂಡರೆ ಈ ಎರಡು ದಾರಿಗಳು ಒಂದರಲ್ಲಿ ಒಂದು ಕರಗಿಹೋಗುತ್ತವೆ, ಜೊತೆಗೆ ಮುಂಬ್ರಾವೂ ಕಾಣೆಯಾಗುತ್ತದೆ. ಆದ್ದರಿಂದ ಪ್ರತಿ ಗೆರೆಗೂ ಅದರದೇ ಹೆಸರು ಕೊಡಿ: "ಮುಂಬ್ರಾ ಬಳಸು", "ಪಾರ್ಸಿಕ್ ಸುರಂಗ". ನಕ್ಷೆಗೆ ದಿನಾಂಕವನ್ನೂ ಹಾಕಿ. 2022ರ ಫೆಬ್ರವರಿಯಲ್ಲಿ ಥಾಣೆ ಮತ್ತು ದಿವಾ ನಡುವೆ ಐದನೆಯ, ಆರನೆಯ ಹಳಿಗಳು ಬಳಕೆಗೆ ಬಂದವು. ಅದಕ್ಕೂ ಮುಂಚಿನ ನಕ್ಷೆಯೂ ಇವತ್ತಿನ ನಕ್ಷೆಯೂ ಒಂದೇ ಅಲ್ಲ.

ಹಂತ 2: ಬಾಣ ಯಾವುದು ಎಂದು ಬರೆದಿಡಿ

ಕೆಟಗರಿಯಲ್ಲಿ ಎರಡು ಬಗೆಯ ಸರಕು ಇರುತ್ತದೆ: ಆಬ್ಜೆಕ್ಟ್‌ಗಳು ಮತ್ತು ಅವುಗಳ ನಡುವಿನ ಬಾಣಗಳು. ಬಾಣಕ್ಕೆ ಮಾರ್ಫಿಸಂ ಎಂದೂ ಹೆಸರು. ನಮ್ಮಲ್ಲಿ ಆಬ್ಜೆಕ್ಟ್ ಎಂದರೆ ಸ್ಟೇಶನ್. ಬಾಣ ಎಂದರೆ ಏನು? ಇಲ್ಲಿ ಆಯ್ಕೆ ನಿಮ್ಮದು.

ಒಂದು: ಬಾಣ ಎಂದರೆ ದಾರಿ, ಅಂದರೆ ಒಂದರ ಹಿಂದೆ ಒಂದು ಹಿಡಿದ ಗೆರೆಗಳ ಸಾಲು. ಇದನ್ನು ದಾರಿ-ಕೆಟಗರಿ ಎಂದು ಕರೆಯೋಣ. ಪುಸ್ತಕದ ಹೆಸರು ಫ್ರೀ ಕೆಟಗರಿ. ಇಲ್ಲಿ ಮುಂಬ್ರಾದಿಂದ ದಿವಾಕ್ಕೆ ಲೆಕ್ಕವಿಲ್ಲದಷ್ಟು ಬಾಣಗಳಿವೆ. ನೇರ ಹೋಗುವುದು ಒಂದು. ಹೋಗಿ, ಮರಳಿ ಬಂದು, ಮತ್ತೆ ಹೋಗುವುದು ಇನ್ನೊಂದು.

ಎರಡು: ಬಾಣ ಎಂದರೆ "ಇಲ್ಲಿಂದ ಅಲ್ಲಿಗೆ ತಲುಪಬಹುದು" ಎಂಬ ಮಾತು ಮಾತ್ರ. ಇದು ತಲುಪು-ಕೆಟಗರಿ. ಇಲ್ಲಿ ಯಾವ ಎರಡು ಸ್ಟೇಶನ್ ತೆಗೆದುಕೊಂಡರೂ ನಡುವೆ ಒಂದೇ ಬಾಣ. ದಾರಿ ಯಾವುದು ಎಂಬುದನ್ನು ಇದು ನೆನಪಿಡುವುದಿಲ್ಲ.

ಸ್ಟೇಶನ್‌ಗಳು ಅವೇ, ಕೆಟಗರಿ ಎರಡು. ಈ ಬರಹದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ನೆನಪಿಡಿ: ಆಬ್ಜೆಕ್ಟ್‌ಗಳನ್ನು ಹೇಳಿದ ಮಾತ್ರಕ್ಕೆ ಕೆಟಗರಿ ಹೇಳಿದಂತಾಗಲಿಲ್ಲ, ಬಾಣ ಹೇಳಿದ ಮೇಲೆಯೇ ಅದು ನಿಲ್ಲುವುದು. "ಗಣಗಳ ಕೆಟಗರಿ" ಎಂದಾಗಲೂ ಅಷ್ಟೇ. ಬಾಣ ಫಂಕ್ಷನ್ನೋ, ಸಂಬಂಧವೋ ಎಂದು ಬರೆಯದಿದ್ದರೆ ಮುಂದಿನ ಪ್ರತಿ ಪದವೂ ಅಲುಗಾಡುತ್ತದೆ.

ಹಂತ 3: ಜೋಡಣೆ, ಅದರ ಕ್ರಮ

ಮುಂಬ್ರಾದಿಂದ ದಿವಾಕ್ಕೆ ಒಂದು ದಾರಿ, ದಿವಾದಿಂದ ಡೊಂಬಿವಲಿಗೆ ಒಂದು ದಾರಿ ಇದ್ದರೆ ಎರಡನ್ನೂ ಸೇರಿಸಿ ಮುಂಬ್ರಾದಿಂದ ಡೊಂಬಿವಲಿಗೆ ದಾರಿ ಮಾಡಬಹುದು. ಇದೇ ಕಂಪೊಸಿಷನ್. ಮೊದಲ ದಾರಿ ಮುಗಿಯುವ ಸ್ಟೇಶನ್ನೂ ಎರಡನೆಯದು ಶುರುವಾಗುವ ಸ್ಟೇಶನ್ನೂ ಒಂದೇ ಆಗಿದ್ದರೆ ಮಾತ್ರ ಜೋಡಣೆಗೆ ಅರ್ಥ. ಅದು ಹೊಂದದಿದ್ದಾಗ ಕೋಡ್ ಸುಮ್ಮನೆ ಏನನ್ನೋ ಹಿಂದಿರುಗಿಸಬಾರದು, ಎರರ್ ಎಸೆಯಬೇಕು.

ಮೂರು ದಾರಿಗಳನ್ನು ಜೋಡಿಸುವಾಗ ಮೊದಲೆರಡನ್ನು ಸೇರಿಸಿ ಮೂರನೆಯದನ್ನು ಕೂಡಿಸಿದರೂ, ಕೊನೆಯೆರಡನ್ನು ಮೊದಲು ಸೇರಿಸಿದರೂ ಫಲ ಒಂದೇ ಇರಬೇಕು. ಸಂಕಲನದಲ್ಲಿ ಕಲಿತ ಸಹವರ್ತನ ನಿಯಮವೇ ಇದು.

ಹೊಸಬರು ಎಡವುವುದು ಬರೆಯುವ ಕ್ರಮದಲ್ಲಿ. ಮೊದಲ ಬಾಣ "ಕ", ಎರಡನೆಯದು "ಗ" ಎಂದಿಟ್ಟುಕೊಳ್ಳಿ. ಗಣಿತದ ಹೆಚ್ಚಿನ ಪುಸ್ತಕಗಳಲ್ಲಿ ಇವುಗಳ ಜೋಡಣೆ ಗ ∘ ಕ: ಮೊದಲು ನಡೆಯುವುದು ಬಲಗಡೆ. ಲೀನ್ ಭಾಷೆಯ ಗಣಿತ ಭಂಡಾರವಾದ ಮ್ಯಾಥ್‌ಲಿಬ್‌ನ ಕೆಟಗರಿ ಭಾಗದಲ್ಲಿ ಅದನ್ನೇ ಕ ≫ ಗ ಎಂದು ಬರೆಯುತ್ತಾರೆ: ಮೊದಲು ನಡೆಯುವುದು ಎಡಗಡೆ. ಸೇಜ್‌ಮ್ಯಾಥ್ ಎಂಬ ಗಣಿತದ ಸಾಫ್ಟ್‌ವೇರ್‌ನಲ್ಲಿ ಎರಡು ಮಾರ್ಫಿಸಂಗಳ ನಡುವೆ ಗುಣಾಕಾರದ ಚಿಹ್ನೆ ಹಾಕಿದರೆ ಪುಸ್ತಕದ ಕ್ರಮವೇ ಸಿಗುತ್ತದೆ. ಯಾವುದೂ ತಪ್ಪಲ್ಲ. ಆದರೆ ನಿಮ್ಮ ಪ್ರಾಜೆಕ್ಟಿನಲ್ಲಿ ಯಾವುದು ಎಂಬುದು ಮೊದಲ ಪುಟದಲ್ಲೇ ಬರೆದಿರಬೇಕು.

ಹಂತ 4: ಐಡೆಂಟಿಟಿಯನ್ನು ಮರೆಯಬೇಡಿ

ಪ್ರತಿ ಆಬ್ಜೆಕ್ಟಿಗೂ ಒಂದು ಐಡೆಂಟಿಟಿ ಬಾಣ ಬೇಕು. ಯಾವ ಬಾಣಕ್ಕೆ ಅದನ್ನು ಜೋಡಿಸಿದರೂ ಬಾಣ ಬದಲಾಗಬಾರದು. ದಾರಿ-ಕೆಟಗರಿಯಲ್ಲಿ ಅದು "ಎಲ್ಲಿದ್ದೀರೋ ಅಲ್ಲೇ ಇರುವುದು", ಒಂದೂ ಗೆರೆ ಇಲ್ಲದ ಖಾಲಿ ಸಾಲು.

ಇಲ್ಲೊಂದು ಸೂಕ್ಷ್ಮ ಇದೆ. ಮುಂಬ್ರಾದಲ್ಲೇ ಇರುವುದೂ ಖಾಲಿ ಸಾಲು, ದಿವಾದಲ್ಲೇ ಇರುವುದೂ ಖಾಲಿ ಸಾಲು. ಬರೀ ಪಟ್ಟಿಯನ್ನಷ್ಟೇ ಇಟ್ಟುಕೊಂಡ ಪ್ರೋಗ್ರಾಂಗೆ ಈ ಎರಡೂ ಒಂದೇ. ಆಗ ಜೋಡಣೆಯ ಷರತ್ತನ್ನು ಪರೀಕ್ಷಿಸಲು ಅದಕ್ಕೆ ಆಧಾರವೇ ಇರುವುದಿಲ್ಲ. ಆದ್ದರಿಂದ ಒಂದು ಬಾಣದ ದಾಖಲೆಯಲ್ಲಿ ಮೂರು ಅಂಕಣ ಇರಲಿ:

- ಎಲ್ಲಿಂದ
- ಎಲ್ಲಿಗೆ
- ಹಿಡಿದ ಗೆರೆಗಳ ಪಟ್ಟಿ

ಮುಂಬ್ರಾದ ಐಡೆಂಟಿಟಿ ಹೀಗಾಗುತ್ತದೆ: ಎಲ್ಲಿಂದ ಮುಂಬ್ರಾ, ಎಲ್ಲಿಗೆ ಮುಂಬ್ರಾ, ಪಟ್ಟಿ ಖಾಲಿ. ದಿವಾದ್ದು ಬೇರೆ ದಾಖಲೆ. ಈ ಮೂರು ಅಂಕಣದ ಶಿಸ್ತು ಒಂದಿದ್ದರೆ ಮುಂದೆ ಬರುವ ಅನೇಕ ತೊಡಕುಗಳು ಹುಟ್ಟುವುದೇ ಇಲ್ಲ.

ಇಲ್ಲಿಗೆ ಕೆಟಗರಿಯ ವ್ಯಾಖ್ಯೆ ಪೂರ್ಣವಾಯಿತು: ಆಬ್ಜೆಕ್ಟ್, ಬಾಣ, ಜೋಡಣೆ, ಐಡೆಂಟಿಟಿ, ಎರಡು ನಿಯಮ. ಸ್ಯಾಮುಯೆಲ್ ಐಲೆನ್‌ಬರ್ಗ್ ಮತ್ತು ಸಾಂಡರ್ಸ್ ಮ್ಯಾಕ್ ಲೇನ್ 1945ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಕೊಟ್ಟ ವ್ಯಾಖ್ಯೆಯ ಸಾರ ಇಷ್ಟೇ.

ಹಂತ 5: "ಸಮ" ಮತ್ತು "ಐಸೊಮಾರ್ಫಿಕ್" ಬೇರೆ ಮಾಡಿ

ಒಂದು ಬಾಣ ಹೋಗಿ, ಇನ್ನೊಂದು ಬಾಣ ಮರಳಿ ಬಂದು, ಎರಡೂ ಕಡೆಯಿಂದ ಜೋಡಿಸಿದಾಗ ಐಡೆಂಟಿಟಿಯೇ ಸಿಕ್ಕರೆ ಆ ಬಾಣ ಐಸೊಮಾರ್ಫಿಸಂ.

ಮುಂಬ್ರಾ ಮತ್ತು ದಿವಾ ಐಸೊಮಾರ್ಫಿಕ್ಕೇ? ದಾರಿ-ಕೆಟಗರಿಯಲ್ಲಿ ಅಲ್ಲ. ದಿವಾಕ್ಕೆ ಹೋಗಿ ಮುಂಬ್ರಾಕ್ಕೆ ಮರಳಿದರೆ ಎರಡು ಗೆರೆಗಳ ದಾರಿಯಾಯಿತು. ಅದು ಖಾಲಿ ದಾರಿಗೆ ಸಮವಲ್ಲ. ತಲುಪು-ಕೆಟಗರಿಯಲ್ಲಿ ಹೌದು, ಏಕೆಂದರೆ ಮುಂಬ್ರಾದಿಂದ ಮುಂಬ್ರಾಕ್ಕೆ ಅಲ್ಲಿ ಇರುವುದೇ ಒಂದು ಬಾಣ. ಆ ಲೆಕ್ಕದಲ್ಲಿ ಥಾಣೆ, ಡೊಂಬಿವಲಿ, ಪನ್ವೇಲ್ ಎಲ್ಲವೂ ಒಂದಕ್ಕೊಂದು ಐಸೊಮಾರ್ಫಿಕ್. ಆದರೂ ಅವು ಒಂದೇ ಸ್ಟೇಶನ್ ಅಲ್ಲ.

ಪ್ರಶ್ನೆ ಒಂದೇ, ಬಾಣ ಬದಲಾದ ಕೂಡಲೇ ಉತ್ತರ ಬದಲಾಯಿತು. ಬೀಜಗಣಿತದ ಸಾಫ್ಟ್‌ವೇರ್‌ನಲ್ಲಿ ಇದು ನಿತ್ಯದ ಸಂಗತಿ. ಭಾಗಲಬ್ಧ ಸಂಖ್ಯೆಗಳ ಮೇಲೆ "ಎಕ್ಸ್" ಎಂಬ ಚರಾಕ್ಷರದ ಬಹುಪದೋಕ್ತಿಗಳ ರಿಂಗ್ (ಕೂಡಿ, ಕಳೆದು, ಗುಣಿಸಬಹುದಾದ ಗಣ), "ವೈ" ಎಂಬ ಚರಾಕ್ಷರದ ರಿಂಗ್, ಇವೆರಡೂ ಐಸೊಮಾರ್ಫಿಕ್. ಆದರೆ ಸೇಜ್‌ಮ್ಯಾಥ್ ಅವನ್ನು ಸಮ ಎಂದು ಒಪ್ಪುವುದಿಲ್ಲ. ಒಪ್ಪದಿರುವುದೇ ಸರಿ. ಯಾವ ಐಸೊಮಾರ್ಫಿಸಂ ಬಳಸಬೇಕೆಂದು ಹೇಳುವ ಕೆಲಸ ಬಳಕೆದಾರರದು, ಅದನ್ನು ಯಂತ್ರ ತಾನೇ ಊಹಿಸಬಾರದು.

ಹಂತ 6: ಫಂಕ್ಟರ್. ದೂರ ಹೌದು, ಟಿಕೆಟ್ ದರ ಅಲ್ಲ

ಒಂದು ಕೆಟಗರಿಯ ಆಬ್ಜೆಕ್ಟ್‌ಗಳನ್ನು ಇನ್ನೊಂದರ ಆಬ್ಜೆಕ್ಟ್‌ಗಳಿಗೆ, ಬಾಣಗಳನ್ನು ಬಾಣಗಳಿಗೆ ಒಯ್ಯುವುದು ಫಂಕ್ಟರ್. ಷರತ್ತು ಎರಡು: ಐಡೆಂಟಿಟಿ ಐಡೆಂಟಿಟಿಗೇ ಹೋಗಬೇಕು, ಜೋಡಿಸಿ ಒಯ್ದರೂ ಒಯ್ದು ಜೋಡಿಸಿದರೂ ಒಂದೇ ಆಗಬೇಕು.

ದೂರವನ್ನು ತೆಗೆದುಕೊಳ್ಳಿ. ಒಂದೇ ಆಬ್ಜೆಕ್ಟ್ ಇರುವ ಒಂದು ಕೆಟಗರಿಯನ್ನು ಊಹಿಸಿ. ಅದರಲ್ಲಿ ಬಾಣಗಳು ಎಂದರೆ 0, 1, 2, 3 ಮುಂತಾದ ಸಂಖ್ಯೆಗಳು, ಜೋಡಣೆ ಎಂದರೆ ಕೂಡುವುದು, ಐಡೆಂಟಿಟಿ ಎಂದರೆ 0. ಪ್ರತಿ ದಾರಿಗೂ ಅದರ ಉದ್ದವನ್ನು ಕೊಡಿ. ಥಾಣೆಯಿಂದ ಮುಂಬ್ರಾ ಸುಮಾರು 6 ಕಿ.ಮೀ., ಮುಂಬ್ರಾದಿಂದ ಡೊಂಬಿವಲಿ ಸುಮಾರು 8. ಜೋಡಿಸಿದ ದಾರಿ 14. ಅಲ್ಲೇ ಇರುವುದಕ್ಕೆ 0. ಎರಡೂ ಷರತ್ತು ಈಡೇರಿದವು. ದೂರ ಒಂದು ಫಂಕ್ಟರ್.

ಈಗ ಟಿಕೆಟ್ ದರ. ಲೋಕಲ್‌ನ ಸೆಕೆಂಡ್ ಕ್ಲಾಸಿನಲ್ಲಿ 10 ಕಿ.ಮೀ. ವರೆಗೆ ಕನಿಷ್ಠ ದರ 5 ರೂಪಾಯಿ. ಮುಂಬ್ರಾದಿಂದ ದಿವಾಕ್ಕೆ 5, ದಿವಾದಿಂದ ಡೊಂಬಿವಲಿಗೆ 5. ಕೂಡಿದರೆ 10. ಆದರೆ ಮುಂಬ್ರಾದಿಂದ ಡೊಂಬಿವಲಿಗೆ ನೇರ ಟಿಕೆಟ್ ತೆಗೆದುಕೊಂಡರೆ 5 ರೂಪಾಯಿಯೇ. ಜೋಡಿಸಿ ಒಯ್ದದ್ದು 5, ಒಯ್ದು ಜೋಡಿಸಿದ್ದು 10. ಇನ್ನು ಐಡೆಂಟಿಟಿ: ಎಲ್ಲಿಗೂ ಹೋಗದೆ ಪ್ಲಾಟ್‌ಫಾರ್ಮಿನ ಮೇಲೆ ನಿಲ್ಲಲೂ ಪ್ಲಾಟ್‌ಫಾರ್ಮ್ ಟಿಕೆಟ್ ಬೇಕು, ಅಂದರೆ ಅದಕ್ಕೂ 0 ಅಲ್ಲ. ಎರಡೂ ಷರತ್ತು ಮುರಿದವು. ದರ ಫಂಕ್ಟರ್ ಅಲ್ಲ.

ಇದರಿಂದ ಕೋಡಿಗೆ ಆಗುವ ಲಾಭ ದೊಡ್ಡದು. ದೂರವನ್ನು ತುಂಡು ತುಂಡಾಗಿ ಲೆಕ್ಕ ಹಾಕಿ ಕೂಡಿಸಬಹುದು, ಒಮ್ಮೆ ಹಾಕಿದ ಲೆಕ್ಕವನ್ನು ಕೂಡಿಟ್ಟು ಮತ್ತೆ ಬಳಸಬಹುದು. ದರವನ್ನು ಹಾಗೆ ಮಾಡಿದರೆ ಪ್ರಯಾಣಿಕರಿಂದ ಹೆಚ್ಚು ದುಡ್ಡು ಕಿತ್ತಂತಾಗುತ್ತದೆ. ರೌಂಡ್ ಮಾಡುವುದೂ ಫಂಕ್ಟರ್ ಅಲ್ಲ: 2.6ನ್ನೂ 2.6ನ್ನೂ ಮೊದಲೇ ರೌಂಡ್ ಮಾಡಿ ಕೂಡಿದರೆ 6, ಕೂಡಿ ರೌಂಡ್ ಮಾಡಿದರೆ 5. ಆದ್ದರಿಂದ ರೌಂಡ್ ಮಾಡುವುದು ಕಟ್ಟಕಡೆಗೆ.

ಪ್ರೋಗ್ರಾಮಿಂಗ್‌ನಲ್ಲಿ ಫಂಕ್ಟರ್ ಎಂಬ ಪದಕ್ಕೆ ಇರುವಷ್ಟು ಅರ್ಥ ಬೇರೆ ಯಾವುದಕ್ಕೂ ಇಲ್ಲವೇನೋ:

| ಭಾಷೆ | "ಫಂಕ್ಟರ್" ಎಂದರೆ |
|---|---|
| ಗಣಿತದ ಪುಸ್ತಕ | ಕೆಟಗರಿಯಿಂದ ಕೆಟಗರಿಗೆ, ಎರಡು ಷರತ್ತಿನೊಡನೆ |
| ಹ್ಯಾಸ್ಕೆಲ್ | ಟೈಪ್‌ಗಳ ಕೆಟಗರಿಯಿಂದ ಅದಕ್ಕೇ ಹೋಗುವ ಫಂಕ್ಟರ್ |
| ಓಕ್ಯಾಮಲ್ | ಮಾಡ್ಯೂಲ್ ತೆಗೆದುಕೊಂಡು ಮಾಡ್ಯೂಲ್ ಕೊಡುವುದು |
| ಸಿ ಪ್ಲಸ್ ಪ್ಲಸ್ | ಫಂಕ್ಷನ್ನಿನಂತೆ ಕರೆಯಬಹುದಾದ ಆಬ್ಜೆಕ್ಟ್ |
| ಪ್ರೊಲಾಗ್ | ಒಂದು ಪದದ ಹೆಸರು ಮತ್ತು ಅದು ಹಿಡಿಯುವ ಆರ್ಗ್ಯುಮೆಂಟ್‌ಗಳ ಸಂಖ್ಯೆ |

ಸಿ ಪ್ಲಸ್ ಪ್ಲಸ್, ಪ್ರೊಲಾಗ್‌ಗಳ ಅರ್ಥಕ್ಕೂ ಗಣಿತದ ಅರ್ಥಕ್ಕೂ ಹೆಸರಿನ ಹೊರತು ನಂಟಿಲ್ಲ. ಮೀಟಿಂಗಿನಲ್ಲಿ ಯಾರಾದರೂ ಫಂಕ್ಟರ್ ಎಂದರೆ "ಯಾವುದರಿಂದ ಯಾವುದಕ್ಕೆ?" ಎಂದು ಕೇಳಿ. ಉತ್ತರ ಎರಡು ಕೆಟಗರಿಗಳ ಹೆಸರಾಗಿದ್ದರೆ ಅದು ಗಣಿತದ ಫಂಕ್ಟರ್.

ಹಂತ 7: ನ್ಯಾಚುರಲ್ ಟ್ರಾನ್ಸ್‌ಫಾರ್ಮೇಶನ್

ಎರಡು ಫಂಕ್ಟರ್‌ಗಳು ಒಂದೇ ಕೆಟಗರಿಯಿಂದ ಹೊರಟು ಒಂದೇ ಕೆಟಗರಿಗೆ ಬಂದರೆ, ಒಂದರಿಂದ ಇನ್ನೊಂದಕ್ಕೆ ಹೊಂದಿಕೆಯಾಗಿ ದಾಟುವ ಬಗೆಯೇ ನ್ಯಾಚುರಲ್ ಟ್ರಾನ್ಸ್‌ಫಾರ್ಮೇಶನ್. ಇಲ್ಲಿ ನಿಧಾನವಾಗಿ ಓದಿ.

ಮೊದಲ ಫಂಕ್ಟರ್: ಪ್ರತಿ ಸ್ಟೇಶನ್ನಿಗೂ "ಥಾಣೆಯಿಂದ ಇಲ್ಲಿಗೆ ಬರುವ ಎಲ್ಲ ದಾರಿಗಳ ಗಣ"ವನ್ನು ಕೊಡುತ್ತದೆ. ಮುಂಬ್ರಾದಿಂದ ಡೊಂಬಿವಲಿಗೆ ಬಾಣವಿದ್ದರೆ, ಮುಂಬ್ರಾದ ತನಕದ ಪ್ರತಿ ದಾರಿಯನ್ನೂ ಅದು ಡೊಂಬಿವಲಿ ತನಕ ಬೆಳೆಸುತ್ತದೆ.

ಎರಡನೆಯ ಫಂಕ್ಟರ್: ಪ್ರತಿ ಸ್ಟೇಶನ್ನಿಗೂ ಸಂಖ್ಯೆಗಳ ಗಣವನ್ನೇ ಕೊಡುತ್ತದೆ. 8 ಕಿ.ಮೀ. ಉದ್ದದ ಬಾಣ ಬಂದರೆ ಇದ್ದ ಸಂಖ್ಯೆಗೆ 8 ಕೂಡಿಸುತ್ತದೆ.

ದಾಟುವ ಬಗೆ: ದಾರಿ ಕೊಟ್ಟರೆ ಅದರ ಉದ್ದ ಹೇಳು. ಥಾಣೆಯಿಂದ ಮುಂಬ್ರಾಕ್ಕೆ ಬಂದ ದಾರಿಯನ್ನು ಅಳೆದು 6 ಎಂದು ಬರೆದು ಅದಕ್ಕೆ 8 ಕೂಡಿಸಿದರೂ 14. ಮೊದಲು ದಾರಿಯನ್ನು ಡೊಂಬಿವಲಿ ತನಕ ಬೆಳೆಸಿ ಆಮೇಲೆ ಅಳೆದರೂ 14. ಯಾವ ದಾರಿ, ಯಾವ ಸ್ಟೇಶನ್ ಹಿಡಿದರೂ ಹೀಗೇ ಆಗುತ್ತದೆ. ಈ ಹೊಂದಿಕೆಗೇ ನ್ಯಾಚುರಲ್ ಎಂದು ಹೆಸರು.

ಇನ್ನೂ ಒಂದು ಹೆಜ್ಜೆ ಇಡೋಣ. ಥಾಣೆಯಲ್ಲಿ 0 ಎಂದು ಶುರುಮಾಡುವ ಬದಲು 34 ಎಂದು ಶುರುಮಾಡಿ. ಮುಂಬ್ರಾಕ್ಕೆ 40, ಡೊಂಬಿವಲಿಗೆ 48, ಕಲ್ಯಾಣ್‌ಗೆ 54 ಬರುತ್ತದೆ. ಇವು ಮುಂಬಯಿಯ ಸಿಎಸ್‌ಎಂಟಿ ಸ್ಟೇಶನ್ನಿನಿಂದ ಎಣಿಸಿದ ಕಿಲೋಮೀಟರುಗಳು. ಇದೂ ನ್ಯಾಚುರಲ್ ಟ್ರಾನ್ಸ್‌ಫಾರ್ಮೇಶನ್ನೇ. ಥಾಣೆಯ ಖಾಲಿ ದಾರಿಗೆ ಯಾವ ಸಂಖ್ಯೆ ಕೊಟ್ಟಿರಿ ಎಂಬ ಒಂದೇ ಆಯ್ಕೆಯಿಂದ ಉಳಿದ ಎಲ್ಲ ಸ್ಟೇಶನ್ನಿನ ಎಲ್ಲ ದಾರಿಗಳ ಸಂಖ್ಯೆಯೂ ತೀರ್ಮಾನವಾಗಿಬಿಟ್ಟಿತು. ಯೊನೆಡಾ ಲೆಮ್ಮಾ ಹೇಳುವುದು ಇದನ್ನೇ. ದೊಡ್ಡ ಹೆಸರೆಂದು ಹೆದರಿ ಪುಟ ಮಗುಚುವವರು ಈ 34ನ್ನು ಒಮ್ಮೆ ಕೂಡಿ ನೋಡಲಿ, ಲೆಮ್ಮಾ ಕೈಗೆ ಸಿಗುತ್ತದೆ.

ಹಂತ 8: ಡಯಾಗ್ರಾಮ್ ಕಮ್ಯೂಟ್ ಆಗುತ್ತದೆಯೇ, ನೋಡಿ

ಥಾಣೆಯಿಂದ ಪನ್ವೇಲ್‌ಗೆ ಎರಡು ರೀತಿ ಹೋಗಬಹುದು. ಒಂದು, ಟ್ರಾನ್ಸ್ ಹಾರ್ಬರ್ ಮಾರ್ಗದಲ್ಲಿ ಐರೋಲಿ, ತುರ್ಭೆ, ನೆರೂಲ್ ಕಡೆಯಿಂದ. ಇನ್ನೊಂದು, ದಿವಾಕ್ಕೆ ಬಂದು ಅಲ್ಲಿಂದ ದಿವಾ–ಪನ್ವೇಲ್ ಮಾರ್ಗ ಹಿಡಿದು. ದಾರಿ-ಕೆಟಗರಿಯಲ್ಲಿ ಇವು ಎರಡು ಬೇರೆ ಬಾಣ. ಆದ್ದರಿಂದ ಈ ಡಯಾಗ್ರಾಮ್ ಕಮ್ಯೂಟ್ ಆಗುವುದಿಲ್ಲ, ಅಂದರೆ ಎರಡು ದಾರಿಯ ಬಾಣಗಳು ಸಮವಾಗುವುದಿಲ್ಲ. ತಲುಪು-ಕೆಟಗರಿಯಲ್ಲಿ ಆಗುತ್ತದೆ.

ಬೀಜಗಣಿತದ ಸಾಫ್ಟ್‌ವೇರ್‌ನಲ್ಲಿ ಕಮ್ಯೂಟ್ ಆಗಲೇಬೇಕಾದ ಡಯಾಗ್ರಾಮ್‌ಗಳಿವೆ. ಪೂರ್ಣಾಂಕ 3ನ್ನು ಮೊದಲು ಭಾಗಲಬ್ಧ ಸಂಖ್ಯೆ ಮಾಡಿ ಆಮೇಲೆ ಬಹುಪದೋಕ್ತಿ ಮಾಡಬಹುದು. ಇಲ್ಲವೇ ಮೊದಲು ಪೂರ್ಣಾಂಕ ಸಹಗುಣಕದ ಬಹುಪದೋಕ್ತಿ ಮಾಡಿ ಆಮೇಲೆ ಸಹಗುಣಕವನ್ನು ಭಾಗಲಬ್ಧಕ್ಕೆ ಬದಲಿಸಬಹುದು. ಎರಡೂ ದಾರಿಯ ಕೊನೆಗೆ ಒಂದೇ 3 ಸಿಗಬೇಕು. ಸಿಗದಿದ್ದರೆ ಯಂತ್ರ ಯಾವ ದಾರಿ ಹಿಡಿಯಿತು ಎಂಬುದರ ಮೇಲೆ ನಿಮ್ಮ ಉತ್ತರ ಬದಲಾಗುತ್ತದೆ. ಹಾಗಾದರೆ ಅದು ಗಣಿತದ ಸಾಫ್ಟ್‌ವೇರ್ ಅನ್ನಿಸಿಕೊಳ್ಳುವುದಿಲ್ಲ.

ಸೇಜ್‌ಮ್ಯಾಥ್ ಇಲ್ಲಿ ಎರಡು ಪದಗಳನ್ನು ಕಟ್ಟುನಿಟ್ಟಾಗಿ ಬೇರೆ ಇಟ್ಟಿದೆ. ಯಂತ್ರ ತಾನಾಗಿಯೇ ಮಾಡುವ, ಎಲ್ಲ ಅಂಶಗಳಿಗೂ ಅನ್ವಯವಾಗುವ ಬದಲಾವಣೆ ಕೊಯರ್ಷನ್. ಅದು ಮಾರ್ಫಿಸಂ ಆಗಿರಬೇಕು. ಬಳಕೆದಾರರು ಕೇಳಿದಾಗ ಮಾತ್ರ ಮಾಡುವುದು ಕನ್ವರ್ಷನ್. ಅದು ಎಲ್ಲ ಅಂಶಗಳಿಗೂ ಆಗಬೇಕೆಂದಿಲ್ಲ. ಪೂರ್ಣಾಂಕದಿಂದ ಭಾಗಲಬ್ಧಕ್ಕೆ ಕೊಯರ್ಷನ್ ಇದೆ. ಭಾಗಲಬ್ಧದಿಂದ ಪೂರ್ಣಾಂಕಕ್ಕೆ ಕನ್ವರ್ಷನ್ ಮಾತ್ರ: 4/2 ಕೊಟ್ಟರೆ 2, 1/2 ಕೊಟ್ಟರೆ ಎರರ್.

ಹಂತ 9: "ಪ್ರಾಡಕ್ಟ್" ಎಂದ ಕೂಡಲೇ ಗುಣಿಸಬೇಡಿ

ಪ್ರಾಡಕ್ಟ್ ಎಂದರೆ ಜೋಡಿಗಳ ಗಣ ಎಂದು ಗಣಗಳ ಕೆಟಗರಿಯಲ್ಲಿ ಕಲಿಯುತ್ತೇವೆ. ಬೇರೆ ಕೆಟಗರಿಯಲ್ಲಿ ಅದು ಬೇರೆಯೇ ಆಗಬಹುದು. 1, 2, 3 ಮುಂತಾದ ಸಂಖ್ಯೆಗಳನ್ನು ಆಬ್ಜೆಕ್ಟ್ ಮಾಡಿ. "ಇದು ಅದನ್ನು ನಿಶ್ಶೇಷವಾಗಿ ಭಾಗಿಸುತ್ತದೆ" ಎಂಬುದನ್ನು ಬಾಣ ಮಾಡಿ. ಇಲ್ಲಿ 12 ಮತ್ತು 18ರ ಪ್ರಾಡಕ್ಟ್ 216 ಅಲ್ಲ, 6. ಏಕೆಂದರೆ 6ರಿಂದ ಎರಡಕ್ಕೂ ಬಾಣವಿದೆ, ಮತ್ತು ಎರಡಕ್ಕೂ ಬಾಣ ಇರುವ ಯಾವ ಸಂಖ್ಯೆಯಿಂದಲೂ 6ಕ್ಕೆ ಬಾಣವಿದೆ. ಅಂದರೆ ನಮ್ಮ ಶಾಲೆಯ ಮ.ಸಾ.ಅ. ಬಾಣಗಳನ್ನು ತಿರುಗಿಸಿದರೆ ಕೋಪ್ರಾಡಕ್ಟ್: 36, ಅಂದರೆ ಲ.ಸಾ.ಅ.

ಆದ್ದರಿಂದ ಪ್ರಾಡಕ್ಟ್ ಎಂಬ ಹೆಸರಿನ ಫಂಕ್ಷನ್ ಬರೆಯುವ ಮುನ್ನ ಯಾವ ಕೆಟಗರಿಯಲ್ಲಿ ಎಂದು ಬರೆಯಿರಿ. ಅದರ ಜೊತೆಗೆ ಬರುವ ಬಾಣಗಳನ್ನೂ ಹಿಂದಿರುಗಿಸಿ. ಬಾಣಗಳಿಲ್ಲದ ಪ್ರಾಡಕ್ಟ್ ಅರ್ಧ ಉತ್ತರ.

ಹಂತ 10: ಮೊನಾಡ್, ಬೇಕಾದಷ್ಟು

ದಾರಿಗಳದೇ ಒಂದು ಸಾಲು ಮಾಡಿ: [ಥಾಣೆಯಿಂದ ಮುಂಬ್ರಾ], [ಮುಂಬ್ರಾದಿಂದ ಡೊಂಬಿವಲಿ]. ಇದು ದಾರಿಗಳ ದಾರಿ. ಒಳಗಿನ ಆವರಣಗಳನ್ನು ತೆಗೆದರೆ ಒಂದೇ ದಾರಿ ಸಿಗುತ್ತದೆ. ಹಾಗೆಯೇ ಒಂಟಿ ಗೆರೆಯನ್ನು "ಒಂದು ಗೆರೆಯ ದಾರಿ" ಎಂದು ನೋಡಬಹುದು. ಒಂದು ಕೆಟಗರಿಯಿಂದ ಅದಕ್ಕೇ ಹೋಗುವ ಫಂಕ್ಟರ್, ಪದರ ತೆಗೆಯುವ ಒಂದು ನ್ಯಾಚುರಲ್ ಟ್ರಾನ್ಸ್‌ಫಾರ್ಮೇಶನ್, ಪದರ ಹಾಕುವ ಇನ್ನೊಂದು, ಇವುಗಳ ನಡುವೆ ಸಹವರ್ತನ ಮತ್ತು ಐಡೆಂಟಿಟಿಯ ನಿಯಮಗಳು: ಇಷ್ಟು ಸೇರಿದರೆ ಮೊನಾಡ್.

ಯೂಜೀನಿಯೊ ಮೊಜ್ಜಿ 1991ರ ಪ್ರಬಂಧದಲ್ಲಿ ಪ್ರೋಗ್ರಾಂಗಳ ಅರ್ಥ ಹೇಳಲು ಮೊನಾಡ್ ಬಳಸಿದರು. ಹ್ಯಾಸ್ಕೆಲ್ ಅದನ್ನು ದಿನಬಳಕೆಗೆ ತಂದಿತು. ಗಣಿತದ ಸಾಫ್ಟ್‌ವೇರ್‌ಗೆ ಹೊಸದಾಗಿ ಬಂದವರು ಇಲ್ಲಿಂದ ಶುರುಮಾಡುವ ಅಗತ್ಯವಿಲ್ಲ. ಏಳನೆಯ ಹಂತ ಗಟ್ಟಿಯಾದ ಮೇಲೆ ಬಂದರೆ ಸಾಕು.

ಹಂತ 11: ನಿಮ್ಮ ಸಾಫ್ಟ್‌ವೇರ್‌ನ "ಕೆಟಗರಿ" ಯಾವುದು?

ಸಾಫ್ಟ್‌ವೇರ್‌ಗಳು ಕೆಟಗರಿ ಎಂಬ ಪದವನ್ನೇ ಬೇರೆ ಬೇರೆ ಕೆಲಸಕ್ಕೆ ಹಚ್ಚಿವೆ.

ಐಬಿಎಂನಲ್ಲಿ ಸ್ಕ್ರ್ಯಾಚ್‌ಪ್ಯಾಡ್ ಆಗಿ ಬೆಳೆದ ಆಕ್ಸಿಯಂನಲ್ಲಿ ಡೊಮೇನ್ ಎಂದರೆ ಒಂದು ಟೈಪ್, ಪೂರ್ಣಾಂಕಗಳ ಹಾಗೆ. ಕೆಟಗರಿ ಎಂದರೆ ಆ ಡೊಮೇನ್ ಯಾವ ಯಾವ ಕ್ರಿಯೆಗಳನ್ನು ಒದಗಿಸಬೇಕು ಎಂಬ ಕರಾರು. ಅಲ್ಲಿ ಒತ್ತು ಇರುವುದು ಕ್ರಿಯೆಗಳ ಪಟ್ಟಿಯ ಮೇಲೆ, ಬಾಣಗಳ ಮೇಲಲ್ಲ.

2005ರಲ್ಲಿ ವಿಲಿಯಂ ಸ್ಟೈನ್ ಶುರುಮಾಡಿದ, ಉಚಿತವಾಗಿ ಸಿಗುವ ಸೇಜ್‌ಮ್ಯಾಥ್‌ನಲ್ಲಿ ಮೂರು ಮಜಲು. 5 ಎಂಬುದು ಎಲಿಮೆಂಟ್. ಅದರ ಪೇರೆಂಟ್ ಪೂರ್ಣಾಂಕಗಳ ರಿಂಗ್. ಆ ಪೇರೆಂಟಿಗೆ ಕೆಟಗರಿಗಳಿವೆ: ಯೂಕ್ಲಿಡಿಯನ್ ಡೊಮೇನ್, ಅನಂತ ಎಣಿಕೆಯ ಗಣ ಮುಂತಾಗಿ. ಗಣಿತದವರು ಆಬ್ಜೆಕ್ಟ್ ಎನ್ನುವುದು ಇಲ್ಲಿನ ಪೇರೆಂಟನ್ನು. ಪೈಥಾನಿನವರು ಆಬ್ಜೆಕ್ಟ್ ಎನ್ನುವುದು 5ನ್ನೂ, ಪೇರೆಂಟನ್ನೂ, ಕೆಟಗರಿಯನ್ನೂ. ಈ ಒಂದು ಪದದಿಂದ ಆಗುವ ಗಲಿಬಿಲಿಗೆ ಮದ್ದು ಸುಲಭ: ದಾಖಲೆಯಲ್ಲಿ ಗಣಿತದ ಅರ್ಥಕ್ಕೆ ಪೇರೆಂಟ್ ಎಂದೇ ಬರೆಯಿರಿ. ಸೇಜ್‌ಮ್ಯಾಥ್‌ನ ಕೆಟಗರಿ ಇನ್ನೂ ಒಂದು ಕೆಲಸ ಮಾಡುತ್ತದೆ. ಪೇರೆಂಟ್, ಎಲಿಮೆಂಟ್, ಮಾರ್ಫಿಸಂ ಮೂರಕ್ಕೂ ಬೇಕಾದ ಸಾಮಾನ್ಯ ಕೋಡನ್ನು ಒಂದೇ ಕಡೆ ಇಟ್ಟು ಎಲ್ಲರಿಗೂ ಹಂಚುತ್ತದೆ.

ಲೀನ್‌ನ ಮ್ಯಾಥ್‌ಲಿಬ್‌ನಲ್ಲಿ ಕೆಟಗರಿ ಎಂದರೆ ನಾಲ್ಕನೆಯ ಹಂತದ ವ್ಯಾಖ್ಯೆಯೇ. ಐಡೆಂಟಿಟಿಯ, ಸಹವರ್ತನೆಯ ನಿಯಮಗಳಿಗೆ ಸಾಧನೆ ಇಲ್ಲದೆ ಅಲ್ಲಿ ಕೆಟಗರಿ ಕಟ್ಟಲು ಬರುವುದಿಲ್ಲ.

ಹಂತ 12: ಪದಪಟ್ಟಿ ಬರೆಯಿರಿ, ನಿಯಮಗಳನ್ನು ಪರೀಕ್ಷಿಸಿ

ಕೋಡ್ ಶುರುವಾಗುವ ಮುನ್ನ ಒಂದು ಪುಟ ತೆಗೆದಿಡಿ. ಅದರಲ್ಲಿ ಇಷ್ಟು ಇರಲಿ:

1. ನಮ್ಮ ಆಬ್ಜೆಕ್ಟ್‌ಗಳು ಯಾವುವು.
2. ನಮ್ಮ ಬಾಣಗಳು ಯಾವುವು, ಎರಡು ಬಾಣ ಸಮ ಎನ್ನುವುದು ಯಾವಾಗ.
3. ಜೋಡಣೆ ಬರೆಯುವ ಕ್ರಮ ಯಾವುದು.
4. ಪ್ರತಿ ಆಬ್ಜೆಕ್ಟಿನ ಐಡೆಂಟಿಟಿ ಯಾವುದು.
5. ಪ್ರತಿ ಫಂಕ್ಟರ್ ಯಾವುದರಿಂದ ಯಾವುದಕ್ಕೆ.
6. ತಾನಾಗಿ ಆಗುವ ಬದಲಾವಣೆಗಳು ಯಾವುವು, ಕೇಳಿದರೆ ಮಾತ್ರ ಆಗುವುವು ಯಾವುವು.

ಆಮೇಲೆ ನಿಯಮಗಳನ್ನು ಟೆಸ್ಟ್ ಆಗಿ ಬರೆಯಿರಿ. ಯಾದೃಚ್ಛಿಕವಾಗಿ ಮೂರು ದಾರಿ ಆರಿಸಿ ಸಹವರ್ತನೆ ನೋಡಿ; ಐಡೆಂಟಿಟಿ ಜೋಡಿಸಿ ನೋಡಿ; ದೂರ ಕೂಡುತ್ತದೆಯೇ ನೋಡಿ. ಪೈಥಾನಿಗೆ ಹೈಪಾಥಿಸಿಸ್, ಹ್ಯಾಸ್ಕೆಲ್‌ಗೆ ಕ್ವಿಕ್‌ಚೆಕ್ ಎಂಬ ಸಲಕರಣೆಗಳು ಇದಕ್ಕೆಂದೇ ಇವೆ. ಸೇಜ್‌ಮ್ಯಾಥ್‌ನಲ್ಲಿ ಪೇರೆಂಟಿನ ಕೆಟಗರಿ ಹೇಳಿಬಿಟ್ಟರೆ ಟೆಸ್ಟ್‌ಸೂಟ್ ಆ ಕೆಟಗರಿಗೆ ತಕ್ಕ ನಿಯಮಗಳನ್ನು ತಾನೇ ಪರೀಕ್ಷಿಸುತ್ತದೆ. ಪರೀಕ್ಷೆ ಕೆಲವು ಅಂಶಗಳ ಮೇಲೆ ನಡೆಯುತ್ತದೆ, ಅದನ್ನು ಸಾಧನೆ ಎಂದು ತಿಳಿಯಬಾರದು. ಆದರೆ ಟಿಕೆಟ್ ದರವನ್ನು ಫಂಕ್ಟರ್ ಎಂದು ಬರೆದಿದ್ದರೆ ಮುಂಬ್ರಾ, ದಿವಾ, ಡೊಂಬಿವಲಿಯ ಮೊದಲ ಪರೀಕ್ಷೆಯಲ್ಲೇ ಅದು ಸಿಕ್ಕಿಬೀಳುತ್ತದೆ.

ಈ ಪದಪಟ್ಟಿಯನ್ನು ಕನ್ನಡದಲ್ಲೇ ಬರೆಯಿರಿ ಎಂಬುದು ನನ್ನ ಕೋರಿಕೆ. ಪದಗಳು ಇಂಗ್ಲಿಷಿನಿಂದ ಬಂದವೇ ಆಗಿರಲಿ, ವಿವರಣೆ ಮಾತ್ರ ಮನೆಯಲ್ಲಿ ಆಡುವ ಮಾತಿನಲ್ಲಿರಲಿ. ಕನ್ನಡದಲ್ಲಿ ಒಂದು ವಾಕ್ಯದಲ್ಲಿ ಹೇಳಲಾಗದ ಪದ ನಮಗಿನ್ನೂ ಅರ್ಥವಾಗಿಲ್ಲವೆಂದೇ ಲೆಕ್ಕ. ಅಂಥ ಪದವನ್ನು ಕೋಡಿಗೆ ಇಳಿಸಬೇಡಿ. ಡೊಂಬಿವಲಿ, ಥಾಣೆ, ನವಿ ಮುಂಬಯಿಯ ಕನ್ನಡ ಸಂಘಗಳಲ್ಲಿ ಕಂಪ್ಯೂಟರ್ ಬಲ್ಲ ಹಿರಿಯರಿದ್ದಾರೆ, ಕಲಿಯಬೇಕೆನ್ನುವ ಮಕ್ಕಳಿದ್ದಾರೆ. ಒಂದು ಭಾನುವಾರ ಸೇರಿ, ಈ ನಕ್ಷೆಯನ್ನು ಬೋರ್ಡಿನ ಮೇಲೆ ಬರೆದು, ಮೊದಲ ಆರು ಹಂತಗಳನ್ನು ಒಟ್ಟಿಗೆ ಮಾಡಿ. ಉಳಿದ ಆರನ್ನು ಮಕ್ಕಳು ತಾವೇ ಮಾಡಿಕೊಳ್ಳುತ್ತಾರೆ.